ಕಾಟನ್‌ಪೇಟೆಗೆ ಎಷ್ಟು ಕುದುರೆ ಬೇಕು?

ಬೆಂಗಳೂರಿನ ಹಳೆಯ ಪೇಟೆಗಳು ತಮ್ಮ ಕಸುಬನ್ನು ಹೆಸರಿನಲ್ಲೇ ಹೊತ್ತುಕೊಂಡಿವೆ. ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆಗಳಂತೆ ಅರಳೆಪೇಟೆಯೂ ಒಂದು. ಅರಳೆ ಎಂದರೆ ಹತ್ತಿ. ಅದೇ ಇಂಗ್ಲಿಷಿನ ಬಾಯಿಗೆ ಬಿದ್ದು ಕಾಟನ್‌ಪೇಟೆಯಾಯಿತು. ಒಂದು ಕಡೆ ನಗರ ರೈಲು ನಿಲ್ದಾಣ, ಇನ್ನೊಂದು ಕಡೆ 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ. ನಡುವೆ ತವಕ್ಕಲ್ ಮಸ್ತಾನ್ ದರ್ಗಾ, ಸಾಲು ಸಾಲು ಮಳಿಗೆಗಳು. ಸರಕು ಬರುವ ಮತ್ತು ಹೋಗುವ ಈ ಬೀದಿಯ ಚರಿತ್ರೆ ಎಂದರೆ ಒಂದರ್ಥದಲ್ಲಿ ಎಳೆಯುವ ಶಕ್ತಿಯ ಚರಿತ್ರೆಯೇ. ಹೇರೆತ್ತು, ಎತ್ತಿನ ಗಾಡಿ, ಜಟಕಾ, ತಳ್ಳುಗಾಡಿ, ಲಾರಿ, ಆಟೋರಿಕ್ಷಾ, ಕಾರು ಹೀಗೆ ಒಂದರ ಹಿಂದೆ ಒಂದು ಇಲ್ಲಿ ಬಂದಿವೆ.

ಜಟಕಾಕ್ಕೆ ಒಂದೇ ಕುದುರೆ. ಅದನ್ನು ನೋಡಿದವರಿಗೆ ಅದರ ಶಕ್ತಿ ಎಷ್ಟೆಂದು ಬೇರೆ ಹೇಳಬೇಕಾಗಿರಲಿಲ್ಲ. ಕುದುರೆಯ ಪಕ್ಕೆ, ಅದು ಬಿಡುವ ಉಸಿರು, ಏರಿನಲ್ಲಿ ಅದು ತಡೆದು ನಿಲ್ಲುವ ರೀತಿ ಎಲ್ಲವೂ ಕಣ್ಣಿಗೇ ಕಾಣುತ್ತಿದ್ದವು. ಕಾರಿನ ಸಂಗತಿ ಹಾಗಲ್ಲ. ಅದರ ಶಕ್ತಿ ಲೋಹದ ಮುಚ್ಚಳದ ಕೆಳಗೆ ಅಡಗಿದೆ. ಕೊಳ್ಳುವವನಿಗೆ ಸಿಗುವುದು ಒಂದು ಸಂಖ್ಯೆ ಮಾತ್ರ: ಇಷ್ಟು ಅಶ್ವಶಕ್ತಿ. 37 ಎಂದರೆ ಸಾಧಾರಣ, 150 ಎಂದರೆ ಭಾರಿ ಎಂಬ ಅಂದಾಜಿನಲ್ಲಿ ಆತ ಅದನ್ನು ಒಪ್ಪಿಕೊಳ್ಳುತ್ತಾನೆ. ಆ ಸಂಖ್ಯೆ ಎಲ್ಲಿಂದ ಬಂತು, ಅದು ನಿಜವೇ, ಅಷ್ಟು ಬೇಕೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಒಂದು ಕೈಗಡಿಯಾರ ಇದ್ದರೆ ಮೂರಕ್ಕೂ ಉತ್ತರ ಹುಡುಕಬಹುದು.

ವ್ಯಾಪಾರಿಯ ಕುದುರೆ

ಅಶ್ವಶಕ್ತಿ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ವ್ಯಾಪಾರದ ಮಾತುಕತೆಯಲ್ಲಿ. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ಸುಧಾರಿಸಿದ ಉಗಿಯಂತ್ರವನ್ನು ಮಾರಲು ಹೊರಟಾಗ ಒಂದು ತೊಡಕು ಎದುರಾಯಿತು. ಹಳೆಯ ಉಗಿಯಂತ್ರ ಇಟ್ಟುಕೊಂಡಿದ್ದ ಗಣಿಗಳವರಿಗೆ ಉಳಿತಾಯವಾಗುವ ಕಲ್ಲಿದ್ದಲಿನ ಲೆಕ್ಕ ತೋರಿಸಿ, ಅದರಲ್ಲಿ ಮೂರನೇ ಒಂದು ಪಾಲನ್ನು ಪಡೆಯುವುದು ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್‌ನ ಪದ್ಧತಿಯಾಗಿತ್ತು. ಆದರೆ ಯಂತ್ರವನ್ನೇ ಕಾಣದ, ಕುದುರೆಗಳಿಂದ ಗಾಣ ತಿರುಗಿಸುತ್ತಿದ್ದ ಗಿರಣಿಯವರಿಗೆ ಯಾವ ಲೆಕ್ಕ ತೋರಿಸುವುದು? ಅವರು ಕೇಳುತ್ತಿದ್ದುದು ಒಂದೇ ಮಾತು: ಇದು ಎಷ್ಟು ಕುದುರೆಯ ಕೆಲಸ ಮಾಡುತ್ತದೆ?

ವಾಟ್ ಗಾಣದ ಕುದುರೆಯ ಲೆಕ್ಕ ಹಿಡಿದ. 24 ಅಡಿ ವ್ಯಾಸದ ಸುತ್ತಿನಲ್ಲಿ ಕುದುರೆ ಗಂಟೆಗೆ 144 ಸಲ ತಿರುಗುತ್ತದೆ, 180 ಪೌಂಡ್ ಬಲದಿಂದ ಎಳೆಯುತ್ತದೆ ಎಂದು ಇಟ್ಟುಕೊಂಡ. ಬಲವನ್ನು ಒಂದು ನಿಮಿಷದಲ್ಲಿ ಕ್ರಮಿಸಿದ ದೂರದಿಂದ ಗುಣಿಸಿದಾಗ 32,500ಕ್ಕೆ ತುಸು ಮೇಲೆ ಬಂತು. ಅದನ್ನು 33,000ಕ್ಕೆ ಏರಿಸಿ, ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಮಾಡಿದರೆ ಒಂದು ಅಶ್ವಶಕ್ತಿ ಎಂದು ನಿಗದಿ ಮಾಡಿದ. ಇಂದಿನ ಮಾನದಲ್ಲಿ ಅದು 746 ವಾಟ್. ಆ ಮಾನಕ್ಕೂ ಮುಂದೆ ಅವನ ಹೆಸರೇ ಬಂದದ್ದು ಚರಿತ್ರೆಯ ಸ್ವಾರಸ್ಯ.

ದಿನವಿಡೀ ದುಡಿಯುವ ಸಾಧಾರಣ ಕುದುರೆಗೆ ಇಷ್ಟು ಕೆಲಸ ಕಷ್ಟ. ವಾಟ್‌ನ ಕುದುರೆ ಧಾರಾಳದ ಕುದುರೆ. ಹಾಗಾಗಿ ಅವನ ಯಂತ್ರ ಕೊಂಡವರು ಮೋಸಹೋಗಲಿಲ್ಲ. ಆದರೆ ಅಲ್ಪ ಹೊತ್ತಿನ ಮಾತೇ ಬೇರೆ. ಭಾರ ಎಳೆಯುವ ಪಂದ್ಯದ ಹಳೆಯ ದಾಖಲೆಗಳನ್ನು ಪರಿಶೀಲಿಸಿದ ಇಬ್ಬರು ವಿಜ್ಞಾನಿಗಳು, ಬಲಿಷ್ಠ ಕುದುರೆಯೊಂದು ಕೆಲವು ಸೆಕೆಂಡುಗಳ ಮಟ್ಟಿಗೆ ಸುಮಾರು 15 ಅಶ್ವಶಕ್ತಿ ಹೊಮ್ಮಿಸಬಲ್ಲದೆಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅಂದರೆ ಒಂದು ಕುದುರೆಗೆ ಒಂದೇ ಅಶ್ವಶಕ್ತಿ ಎಂಬುದೂ ಪೂರ್ತಿ ನಿಜವಲ್ಲ. ಎಷ್ಟು ಹೊತ್ತು ಎಂಬುದನ್ನು ಕೇಳಲೇಬೇಕು. ಈ ಮಾತನ್ನು ನೆನಪಿಟ್ಟುಕೊಂಡರೆ ಕಾರಿನ ಲೆಕ್ಕ ಮುಂದೆ ಸುಲಭವಾಗುತ್ತದೆ.

ಕೆಲಸ ಬೇರೆ, ಸಾಮರ್ಥ್ಯ ಬೇರೆ. ಕಪಿಲೆಯಲ್ಲಿ ನೀರೆತ್ತುವ ಎತ್ತುಗಳೂ ಪಂಪೂ ಒಂದೇ ಬಾವಿಯಿಂದ ಅಷ್ಟೇ ನೀರನ್ನು ಮೇಲೆ ತಂದರೆ ಎರಡೂ ಮಾಡಿದ ಕೆಲಸ ಒಂದೇ. ಪಂಪು ಅದನ್ನು ಬೇಗ ಮುಗಿಸುತ್ತದೆ, ಅದೇ ಸಾಮರ್ಥ್ಯ. ಕಾಟನ್‌ಪೇಟೆಯ ಹೆಸರಿಗೆ ತಕ್ಕ ಉದಾಹರಣೆ ಬೇಕೆಂದರೆ ಹತ್ತಿಯ ಬೇಲನ್ನೇ ನೋಡಬಹುದು. ಭಾರತದಲ್ಲಿ ಒಂದು ಬೇಲಿನ ತೂಕ 170 ಕೆ.ಜಿ. ಅದನ್ನು ಒಂದು ಮೀಟರ್ ಎತ್ತಲು ಸುಮಾರು 1,670 ಜೌಲ್ ಕೆಲಸ ಬೇಕು. ಒಂದು ಅಶ್ವಶಕ್ತಿಯ ಮೋಟರು ಇದನ್ನು ಎರಡೂ ಕಾಲು ಸೆಕೆಂಡಿನಲ್ಲಿ ಮುಗಿಸುತ್ತದೆ. ದಿನವಿಡೀ ದುಡಿಯುವ ಹಮಾಲಿಯ ಸಾಮರ್ಥ್ಯ ಅದರ ಹತ್ತನೇ ಒಂದು ಭಾಗದಷ್ಟು. ಆತ ರಾಟೆ ಕಟ್ಟಿ ಎಳೆದರೂ ಇಪ್ಪತ್ತು ಸೆಕೆಂಡಿಗೆ ಮಿಕ್ಕಿ ಹಿಡಿಯುತ್ತದೆ. ಬೇಲು ಏರಿದ ಎತ್ತರ ಮಾತ್ರ ಒಂದೇ. ಅಶ್ವಶಕ್ತಿ ಎಂಬುದು ಅವಸರದ ಅಳತೆ.

ತೆರಿಗೆಯವರ ಕುದುರೆ

ಎಂಜಿನ್ ಎಷ್ಟು ಸಾಮರ್ಥ್ಯ ಕೊಡುತ್ತದೆಂದು ಅಳೆಯುವ ಸರಳ ಉಪಾಯವನ್ನು ಫ್ರಾನ್ಸಿನ ಎಂಜಿನಿಯರ್ ಗ್ಯಾಸ್ಪಾರ್ ಡಿ ಪ್ರೋನಿ 1821ರಲ್ಲಿ ಕಂಡುಹಿಡಿದ. ತಿರುಗುವ ದಂಡಕ್ಕೆ ಬಿಗಿಯಾಗಿ ಮರದ ಬ್ರೇಕು ಕಟ್ಟಿ, ಅದನ್ನು ತಡೆದು ಹಿಡಿಯಲು ಎಷ್ಟು ಭಾರ ಬೇಕೆಂದು ತೂಗುವುದೇ ಆ ಉಪಾಯ. ಕಾರಿನ ವಿವರದಲ್ಲಿ ಕಾಣುವ ‘ಬಿ.ಎಚ್.ಪಿ.’ಯ ‘ಬಿ’ ಎಂದರೆ ಬ್ರೇಕು. ಎಂಜಿನ್ನಿನ ಚಕ್ರದ ಹತ್ತಿರ ಬ್ರೇಕು ಹಿಡಿದು ಅಳೆದದ್ದು ಎಂದು ಅದರ ಅರ್ಥ. ಆ ಸಾಮರ್ಥ್ಯ ಗೇರುಪೆಟ್ಟಿಗೆ, ದಂಡಗಳನ್ನು ದಾಟಿ ಟೈರಿಗೆ ಬರುವಷ್ಟರಲ್ಲಿ ಒಂದಿಷ್ಟು ಸೋರಿಹೋಗಿರುತ್ತದೆ.

ಮೋಟಾರು ಬಂಡಿಗಳು ಹೆಚ್ಚಿದಾಗ ಬ್ರಿಟಿಷ್ ಸರ್ಕಾರಕ್ಕೆ ತೆರಿಗೆ ಹಾಕಲು ಒಂದು ಸಂಖ್ಯೆ ಬೇಕಾಯಿತು. ಪ್ರತಿಯೊಂದು ಎಂಜಿನ್ನಿಗೂ ಬ್ರೇಕು ಕಟ್ಟುವುದು ಆಗದ ಮಾತು. ಆದ್ದರಿಂದ ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರವೊಂದನ್ನು ಹಿಡಿಯಲಾಯಿತು. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಅಶ್ವಶಕ್ತಿ. 1921ರಿಂದ ಒಂದು ಅಶ್ವಶಕ್ತಿಗೆ ಒಂದು ಪೌಂಡ್ ತೆರಿಗೆ. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದಕ್ಕೆ ಈ ಸೂತ್ರದಲ್ಲಿ ಜಾಗವೇ ಇರಲಿಲ್ಲ.

ತಯಾರಕರು ಸುಮ್ಮನಿರುವರೇ? ತೆರಿಗೆ ಕಡಿಮೆಯಾಗಲೆಂದು ಸಿಲಿಂಡರನ್ನು ಸಣ್ಣದಾಗಿ, ಉದ್ದವಾಗಿ ಮಾಡಿದರು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಇದಕ್ಕೆ ಹೆಸರಾಂತ ಉದಾಹರಣೆ. ಹೆಸರಿನಲ್ಲಿ ಏಳೇ ಕುದುರೆ, ಬ್ರೇಕಿನಲ್ಲಿ ಅಳೆದರೆ ಹತ್ತಕ್ಕೂ ಮೇಲೆ. ಈ ಪದ್ಧತಿಯ ನೆರಳು ಭಾರತಕ್ಕೂ ಬಂತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇಲ್ಲಿ ತಯಾರಾದ ಹಿಂದೂಸ್ತಾನ್ 10, ಹಿಂದೂಸ್ತಾನ್ 14 ಎಂಬ ಕಾರುಗಳ ಹೆಸರಿನ ಅಂಕಿಗಳು ಅದೇ ಬ್ರಿಟಿಷ್ ಲೆಕ್ಕದ ಪಳೆಯುಳಿಕೆ. ವಾಟ್‌ನ ಕಾಲದಲ್ಲಿ ಕೊಳ್ಳುವವನನ್ನು ಒಪ್ಪಿಸಲು ಹುಟ್ಟಿದ ಸಂಖ್ಯೆ ಈಗ ತೆರಿಗೆಯಿಂದ ತಪ್ಪಿಸಿಕೊಳ್ಳಲು ಕುಗ್ಗಿತ್ತು. ಸಂಖ್ಯೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಗಾತ್ರ.

ಮೈಸೂರಿಗೆ ಒಲಿಯದ ಕಾರು

ಮೈಸೂರು ಸಂಸ್ಥಾನಕ್ಕೆ ಅಶ್ವಶಕ್ತಿ ಹೊಸದಾಗಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದಾಗ ಕಾವೇರಿಯ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಆ ವಿದ್ಯುತ್ತಿನ ಮಾರಾಟವೂ ಅಶ್ವಶಕ್ತಿಯ ಲೆಕ್ಕದಲ್ಲೇ ನಡೆಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಇಂದಿಗೂ ರೈತರ ಬಾಯಲ್ಲಿ ಪಂಪು ‘ಐದು ಎಚ್‌ಪಿ’, ‘ಹತ್ತು ಎಚ್‌ಪಿ’ಯೇ, ಕಿಲೋವಾಟ್ ಅಲ್ಲ.

ನೀರಿನ ಶಕ್ತಿಯನ್ನು ಕೈವಶ ಮಾಡಿಕೊಂಡ ನಾಡು ಎಂಜಿನ್ನನ್ನೂ ತಾನೇ ಮಾಡಬೇಕೆಂದು ಬಯಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಭಾರತದಲ್ಲಿ ಆಗ ಕಾರುಗಳು ಇರಲಿಲ್ಲವೆಂದಲ್ಲ. ಅಮೆರಿಕದ ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಜೋಡಣೆ ಆರಂಭಿಸಿತ್ತು. ಆದರೆ ಅದು ಹೊರಗಿನಿಂದ ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಕೂಡಿಸುವ ಕೆಲಸ. ಎಂಜಿನ್ನನ್ನು ಎರಕ ಹೊಯ್ದು, ಕೊರೆದು, ಅಳೆದು ನೋಡುವ ವಿದ್ಯೆ ಇಲ್ಲಿಗೆ ಬರಲಿಲ್ಲ. ಎಪ್ಪತ್ತು ದಾಟಿದ್ದ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಮುಂದಿನ ವರ್ಷ ಭಾರತೀಯ ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಅಮೆರಿಕದ ಫೋರ್ಡ್ ಕಂಪನಿಯೊಡನೆ ಮಾತು ಕೂಡಿಬರದೆ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದಕ್ಕೆ ದಾರಿಯಾಯಿತು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ನಿಂತಿತು. 1939ರ ಕೊನೆಗೆ ಆ ಸರ್ಕಾರವೇ ರಾಜೀನಾಮೆ ಕೊಟ್ಟಾಗ ಯೋಜನೆ ನೆಲೆ ಕಳೆದುಕೊಂಡಿತು.

ಆಗ ಕಣ್ಣು ಮೈಸೂರಿನ ಕಡೆ ತಿರುಗಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಕೈಗಾರಿಕೆಗಳಲ್ಲಿ ಆಸಕ್ತಿಯಿತ್ತು. ಬೆಂಗಳೂರಿನಲ್ಲಿ ಕಾರ್ಖಾನೆ, ಅದರಲ್ಲಿ ಸಂಸ್ಥಾನದ ಪಾಲು ಎಂಬ ಮಾತು ಮುಂದುವರಿಯಿತು. ಆದರೆ ಯುದ್ಧದ ಆ ವರ್ಷಗಳಲ್ಲಿ ಬ್ರಿಟಿಷ್ ಭಾರತ ಸರ್ಕಾರ ಅಡ್ಡಬಂದು, ಸಂಸ್ಥಾನ ಹಿಂದೆ ಸರಿಯಬೇಕಾಯಿತು. ವಿಪರ್ಯಾಸವೆಂದರೆ, ಅದೇ ವಾಲ್‌ಚಂದ್ ಮತ್ತು ಅದೇ ಸಂಸ್ಥಾನ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಯುದ್ಧಕ್ಕೆ ಬೇಕಾದ ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಜನರಿಗೆ ಬೇಕಾದ ಕಾರಿಗೆ ಸಿಗಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಹೀಗಾಗಿ ಕಾಟನ್‌ಪೇಟೆಯ ಬೀದಿಗೆ ಬಂದ ಸ್ವದೇಶಿ ಕಾರುಗಳಲ್ಲಿ ಹೆಚ್ಚಿನವು ಮುಂಬಯಿಯ ಫಿಯಟ್, ಕಲ್ಕತ್ತೆಯ ಹತ್ತಿರದ ಅಂಬಾಸಿಡರ್, ಕೊನೆಗೆ 1983ರ ಡಿಸೆಂಬರಿನಲ್ಲಿ ದಿಲ್ಲಿಯ ಕಡೆಯಿಂದ ಹೊರಟ ಮಾರುತಿ 800. ಸಂಖ್ಯೆಗಳೂ ಅಲ್ಲಿಂದಲೇ ಬಂದವು. ಅವನ್ನು ಪರೀಕ್ಷಿಸಿ ನೋಡುವ ಅಭ್ಯಾಸ ಮಾತ್ರ ಯಾವ ಊರಿನಿಂದಲೂ ಬರಲಿಲ್ಲ.

ಗಡಿಯಾರ ಹಿಡಿದು ಲೆಕ್ಕ

ಪರೀಕ್ಷೆ ಕಷ್ಟದ್ದಲ್ಲ. ಚಲಿಸುವ ವಸ್ತುವಿನಲ್ಲಿ ಕೂಡಿಟ್ಟ ಶಕ್ತಿಗೆ ಚಲನಶಕ್ತಿ ಎಂದು ಹೆಸರು. ತೂಕವನ್ನು ಕೆ.ಜಿ.ಯಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ಜೌಲ್‌ಗಳಲ್ಲಿ ಸಿಗುತ್ತದೆ. ನಿಂತ ಕಾರು ಒಂದು ವೇಗಕ್ಕೆ ಏರಿತೆಂದರೆ ಎಂಜಿನ್ ಕನಿಷ್ಠ ಅಷ್ಟು ಶಕ್ತಿಯನ್ನು ಅದಕ್ಕೆ ಊಡಿರಬೇಕು. ಅದನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ಸಾಮರ್ಥ್ಯ. 746ರಿಂದ ಭಾಗಿಸಿದರೆ ಅಶ್ವಶಕ್ತಿ.

ಮಾರುತಿ 800ರಂಥ ಕಾರನ್ನು ತೆಗೆದುಕೊಳ್ಳಬಹುದು. ಖಾಲಿ ಕಾರಿನ ತೂಕ ಸುಮಾರು 650 ಕೆ.ಜಿ. ಇಬ್ಬರು ಕುಳಿತರೆ 800 ಎಂದು ಹಿಡಿಯೋಣ. ಅದು ನಿಂತಲ್ಲಿಂದ 8 ಸೆಕೆಂಡಿನಲ್ಲಿ ಗಂಟೆಗೆ 60 ಕಿ.ಮೀ. ವೇಗ ಮುಟ್ಟಿತು ಎಂದಿಟ್ಟುಕೊಂಡರೆ, 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಅದರ ವರ್ಗ ಸುಮಾರು 278. ತೂಕದ ಅರ್ಧ 400. ಗುಣಿಸಿದರೆ 1,11,000 ಜೌಲ್ ಚಿಲ್ಲರೆ. 8ರಿಂದ ಭಾಗಿಸಿದರೆ ಸುಮಾರು 13,900 ವಾಟ್, ಅಂದರೆ 18.6 ಅಶ್ವಶಕ್ತಿ.

ಇಂಥ ಕಾರಿನ ಕೈಪಿಡಿಯಲ್ಲಿ ಇರುವುದು 37. ಅರ್ಧ ಎಲ್ಲಿ ಹೋಯಿತು? ತಯಾರಕರು ಸುಳ್ಳು ಹೇಳಿದರೆಂದು ಅವಸರಪಡಬೇಕಿಲ್ಲ. ಇಲ್ಲಿಯೇ ‘ಎಷ್ಟು ಹೊತ್ತು’ ಎಂಬ ಹಳೆಯ ಪ್ರಶ್ನೆ ಬರುವುದು. 37 ಎಂಬುದು ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗಿನ ಗರಿಷ್ಠ. ನಿಂತಲ್ಲಿಂದ ಹೊರಡುವ ಕಾರಿನ ಎಂಜಿನ್ ಪ್ರತಿ ಗೇರಿನಲ್ಲೂ ಕೆಳಗಿನಿಂದ ಮೇಲಕ್ಕೆ ಏರುತ್ತಾ ಆ ಗರಿಷ್ಠವನ್ನು ಕ್ಷಣಮಾತ್ರ ಮುಟ್ಟುತ್ತದೆ. ಗೇರು ಬದಲಿಸುವಾಗ ಕ್ಲಚ್ಚು ಒತ್ತಿದಷ್ಟು ಹೊತ್ತು ಚಕ್ರಕ್ಕೆ ಏನೂ ಬರುವುದಿಲ್ಲ. ಗೇರು, ದಂಡಗಳ ಘರ್ಷಣೆ ಒಂದಿಷ್ಟು ತಿನ್ನುತ್ತದೆ. ಟೈರು ಉರುಳಲು, ಗಾಳಿಯನ್ನು ಸೀಳಲು ಒಂದಿಷ್ಟು ಬೇಕು. ಚಕ್ರಗಳನ್ನೂ ಎಂಜಿನ್ನಿನ ಭಾರಿ ಗಾಲಿಯನ್ನೂ ತಿರುಗಿಸಲು ಇನ್ನಷ್ಟು. ಎಲ್ಲ ಸೇರಿದರೆ ಗರಿಷ್ಠದ ಅರ್ಧದಷ್ಟೇ ಸರಾಸರಿಯಲ್ಲಿ ಕಾಣುವುದು ಸಹಜ. ಆದ್ದರಿಂದ ಹೀಗೆ ಬಂದ ಉತ್ತರವನ್ನು ಹೆಚ್ಚು ಕಡಿಮೆ ಎರಡರಿಂದ ಗುಣಿಸಿದರೆ ಗೇರು ಹಾಕುವ ಸಾಧಾರಣ ಕಾರಿನ ಗರಿಷ್ಠ ಸಾಮರ್ಥ್ಯದ ಅಂದಾಜು ಸಿಗುತ್ತದೆ.

ಬೆಂಗಳೂರಿನವರಿಗೆ ಅನ್ವಯಿಸುವ ಇನ್ನೊಂದು ಕಡಿತವಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ತಾನೇ ಉಸಿರೆಳೆಯುವ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಕಡಿಮೆಯಾದರೆ ಸುಡುವ ಇಂಧನವೂ ಕಡಿಮೆ. ಹಾಗಾಗಿ 37 ಅಶ್ವಶಕ್ತಿಯ ಕಾರು ಘಟ್ಟ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಮೂರು ನಾಲ್ಕು ಕುದುರೆಗಳನ್ನು ದಾರಿಯಲ್ಲೇ ಬಿಟ್ಟಿರುತ್ತದೆ.

ಬೆಟ್ಟವೂ ಒಂದು ತಕ್ಕಡಿಯೇ. ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಸುಮಾರು 500 ಮೀಟರ್ ಏರಬೇಕು ಎಂದು ಹಿಡಿದರೆ, ಅದೇ 800 ಕೆ.ಜಿ.ಯ ಕಾರನ್ನು ಅಷ್ಟೆತ್ತರಕ್ಕೆ ಎತ್ತುವ ಕೆಲಸ ಸುಮಾರು 39 ಲಕ್ಷ ಜೌಲ್. 12 ನಿಮಿಷದಲ್ಲಿ ಹತ್ತಿದರೆ ಬರೀ ಎತ್ತುವುದಕ್ಕೇ ಏಳು ಅಶ್ವಶಕ್ತಿ ಚಿಲ್ಲರೆ. ತಿರುವುಗಳಲ್ಲಿ ಏದುತ್ತಾ ಸಾಗುವ ಕಾರು ಬೆಟ್ಟ ಹತ್ತಲು ನೂರು ಕುದುರೆ ಬೇಕೆಂಬ ನಂಬಿಕೆಗೆ ಈ ಲೆಕ್ಕ ಪೆಟ್ಟು ಕೊಡುತ್ತದೆ.

ಈ ಪ್ರಯೋಗ ಮಾಡುವವರು ಒಂದು ಎಚ್ಚರ ವಹಿಸಬೇಕು. ಜನವಿಲ್ಲದ ನೇರ ರಸ್ತೆಯಾಗಿರಬೇಕು, ಗಡಿಯಾರ ಪಕ್ಕದಲ್ಲಿ ಕುಳಿತವರ ಕೈಯಲ್ಲಿರಬೇಕು, ರಸ್ತೆಗೆ ವಿಧಿಸಿದ ವೇಗದ ಮಿತಿ ಮೀರಬಾರದು. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆದರೆ ರಸ್ತೆಯ ಏರಿಳಿತ, ಗಾಳಿಯ ಬೀಸು ಹೊಡೆದುಹೋಗುತ್ತವೆ.

ಪೇಟೆ ಬೀದಿಯ ಲೆಕ್ಕ

ಸಂಖ್ಯೆ ನಿಜವೇ ಎಂಬುದಕ್ಕೆ ಉತ್ತರ ಸಿಕ್ಕಿತು. ಅಷ್ಟು ಬೇಕೇ ಎಂಬುದು ಉಳಿದಿದೆ. ಒಂದೇ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಹೋಗುವ ಕಾರಿಗೆ ಎರಡೇ ಶತ್ರುಗಳು: ಟೈರಿನ ಉರುಳು ಘರ್ಷಣೆ ಮತ್ತು ಗಾಳಿ. ಟೈರಿನದು ವೇಗಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. 800 ಕೆ.ಜಿ.ಯ ಕಾರಿಗೆ ಅದು ಸುಮಾರು 100 ನ್ಯೂಟನ್, ಅಂದರೆ ಬಾವಿಯಿಂದ ಹತ್ತು ಕೆ.ಜಿ. ತೂಕದ ಕೊಡವನ್ನು ಸೇದುವಷ್ಟು ಬಲ. ಕೆಟ್ಟು ನಿಂತ ಕಾರನ್ನು ಇಬ್ಬರು ಸೇರಿ ತಳ್ಳಿಕೊಂಡು ಹೋಗಲು ಸಾಧ್ಯವಾಗುವುದು ಇದರಿಂದಲೇ. ಗಾಳಿಯದು ಹಾಗಲ್ಲ. ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು.

ಬೆಂಗಳೂರಿನ ಗಾಳಿಯಲ್ಲಿ ಸಣ್ಣ ಕಾರಿಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಗಂಟೆಗೆ 120 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಸುಮಾರು 23 ಅಶ್ವಶಕ್ತಿ ಬೇಕು. 80 ಕಿ.ಮೀ.ಗೆ ಎಂಟೂವರೆ ಸಾಕು. 40ಕ್ಕೆ ಎರಡಕ್ಕಿಂತ ತುಸು ಹೆಚ್ಚು. ಕಾಟನ್‌ಪೇಟೆಯ ಮುಖ್ಯರಸ್ತೆಯಲ್ಲಿ ಹಗಲು ಹೊತ್ತು ಸರಕು ಇಳಿಸುವ ಲಾರಿ, ತಳ್ಳುಗಾಡಿ, ಆಟೋಗಳ ನಡುವೆ ಗಂಟೆಗೆ 15 ಕಿ.ಮೀ. ವೇಗ ಸಿಕ್ಕಿತೆಂದು ಇಟ್ಟುಕೊಂಡರೆ ಬೇಕಾಗುವುದು 450 ವಾಟ್. ಅಶ್ವಶಕ್ತಿಯಲ್ಲಿ ಹೇಳಬೇಕೆಂದರೆ ಅರ್ಧ ಕುದುರೆಗೆ ತುಸು ಮೇಲೆ.

ಕಾರು ಬಂದು ಬೀದಿಯಿಂದ ಓಡಿಸಿದ ಜಟಕಾದ ಕುದುರೆಯನ್ನೇ ಈ ಕಾರಿಗೆ ಕಟ್ಟಿದ್ದರೂ ಅದು ಅದೇ ವೇಗದಲ್ಲಿ ಪೇಟೆ ದಾಟಿಸುತ್ತಿತ್ತು! ಹೊರಡುವಾಗಿನ ಕೆಲಸವೂ ಅದರ ಶಕ್ತಿಗೆ ಮೀರಿದ್ದಲ್ಲ. 800 ಕೆ.ಜಿ.ಯನ್ನು ನಿಂತಲ್ಲಿಂದ 15 ಕಿ.ಮೀ. ವೇಗಕ್ಕೆ ತರಲು ಬೇಕಾದದ್ದು ಏಳು ಸಾವಿರ ಜೌಲ್; ಒಂದು ಅಶ್ವಶಕ್ತಿಗೆ ಸುಮಾರು ಹತ್ತು ಹದಿನೈದು ಸೆಕೆಂಡಿನ ಕೆಲಸ. ಎಂಜಿನ್ನಿನಲ್ಲಿರುವ ಉಳಿದ ಕುದುರೆಗಳೆಲ್ಲ ಮೇವು ತಿನ್ನುತ್ತಾ ಸುಮ್ಮನೆ ನಿಂತಿರುತ್ತವೆ. ಈ ಮಾತು ಬರೀ ಉಪಮೆಯಲ್ಲ. ಸಿಗ್ನಲಿನಲ್ಲಿ ನಿಂತ ಎಂಜಿನ್ ಒಂದು ಅಡಿಯೂ ಮುಂದೆ ಹೋಗದೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ.

ಆದರೂ ಜನ ಹೆಚ್ಚು ಕುದುರೆ ಕೊಳ್ಳುತ್ತಾರೆ, ಸಿಗ್ನಲ್ ಹಸಿರಾದೊಡನೆ ಜಿಗಿಯಲು. ಆ ಜಿಗಿತದ ಬೆಲೆಯನ್ನೂ ತೂಗಿ ನೋಡಬಹುದು. ಅದೇ ಸಣ್ಣ ಕಾರನ್ನು 40 ಕಿ.ಮೀ. ವೇಗಕ್ಕೆ ಏರಿಸಿದರೆ ಸುಮಾರು 49,000 ಜೌಲ್ ಚಲನಶಕ್ತಿ. ನೂರು ಗಜದ ಮುಂದೆ ಇನ್ನೊಂದು ಅಡ್ಡಿ ಬಂದು ಬ್ರೇಕು ಒತ್ತಿದರೆ ಅಷ್ಟೂ ಬ್ರೇಕಿನಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲಪುವುದು ಐದರಲ್ಲಿ ಒಂದು ಪಾಲು ಎಂದು ಹಿಡಿದರೆ, ಒಂದು ಜಿಗಿತಕ್ಕೆ ಸುಮಾರು 7 ಮಿಲಿಲೀಟರ್, ಒಂದೂವರೆ ಟೀ ಚಮಚ. ಇಪ್ಪತ್ತು ಸಲ ಜಿಗಿದು ನಿಂತರೆ ಒಂದು ಲೋಟ ಕಾಫಿಯಷ್ಟು ಪೆಟ್ರೋಲ್ ಬೀದಿಯ ಬಿಸಿಗೆ ಸೇರಿತು. ಕಾರು ಎರಡು ಪಟ್ಟು ಭಾರವಾಗಿದ್ದರೆ ಲೋಟವೂ ಎರಡು.

ಖರ್ಚು ಪೆಟ್ರೋಲಿಗೇ ಮುಗಿಯುವುದಿಲ್ಲ. ವೇಗದ ವರ್ಗ ಎಂಬ ಅದೇ ನಿಯಮ ನಿಲ್ಲಿಸುವಾಗಲೂ ಕೆಲಸ ಮಾಡುತ್ತದೆ. 30 ಕಿ.ಮೀ. ವೇಗದ ಕಾರು ಚೆನ್ನಾಗಿ ಬ್ರೇಕು ಹಿಡಿದರೆ 5 ಮೀಟರಿನಲ್ಲಿ ನಿಲ್ಲುತ್ತದೆ. 60ರ ಕಾರಿಗೆ 20 ಮೀಟರ್ ಬೇಕು. ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡನ್ನು ಸೇರಿಸಿದರೆ ಮೊದಲನೆಯದಕ್ಕೆ ಸುಮಾರು 13, ಎರಡನೆಯದಕ್ಕೆ 36 ಮೀಟರ್. ತಲೆಯ ಮೇಲೆ ಮೂಟೆ ಹೊತ್ತು ಪಕ್ಕಕ್ಕೆ ನೋಡಲಾಗದ ಹಮಾಲಿ ಅಡ್ಡಬರುವ ಬೀದಿಯಲ್ಲಿ ಈ 23 ಮೀಟರಿನ ಅಂತರವೇ ಒಬ್ಬರ ಜೀವ.

ಕಡಿಮೆ ಕುದುರೆಯ ಕಾರು

ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿಗೆ ದಕ್ಕದ ಕಾರು ಆರು ದಶಕಗಳ ನಂತರ ಇಲ್ಲಿ ಇನ್ನೊಂದೇ ರೂಪದಲ್ಲೂ ತಯಾರಾಯಿತು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಆರಂಭಿಸಿದ ರೇವಾ ಕಂಪನಿಯ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಬ್ಯಾಟರಿ ಸೇರಿ ಅದರ ತೂಕ ಸುಮಾರು 745 ಕೆ.ಜಿ. ಮೋಟರಿನ ಗರಿಷ್ಠ ಸಾಮರ್ಥ್ಯ 13 ಕಿಲೋವಾಟ್, ಅಂದರೆ ಹದಿನೇಳು ಅಶ್ವಶಕ್ತಿ ಚಿಲ್ಲರೆ. ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 65 ಕಿ.ಮೀ. ಇದು ಕಾರೇ ಅಲ್ಲ, ಆಟಿಕೆ ಎಂದು ನಕ್ಕವರಿದ್ದರು. ಆದರೆ ಮೇಲಿನ ಲೆಕ್ಕದಲ್ಲಿ ಇಟ್ಟು ನೋಡಿದರೆ ಪೇಟೆಯ ಬೀದಿಗೆ ಅದು ಕಡಿಮೆಯಲ್ಲ, ಧಾರಾಳ.

ಅಲ್ಲದೆ ಪೆಟ್ರೋಲ್ ಎಂಜಿನ್ನಿಗೆ ಇಲ್ಲದ ಎರಡು ಗುಣ ಅದಕ್ಕಿದ್ದವು. ವಿದ್ಯುತ್ ಮೋಟರು ನಿಂತಲ್ಲಿಯೇ ಪೂರ್ತಿ ಬಲ ಕೊಡುತ್ತದೆ, ಗೇರು ಬದಲಿಸುವ ಗೋಜಿಲ್ಲ. ಬ್ರೇಕು ಹಿಡಿದಾಗ ಅದೇ ಮೋಟರು ಜನಕವಾಗಿ ತಿರುಗಿ ಚಲನಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಬಿಸಿಯಾಗಿ ಹೋಗುತ್ತಿದ್ದುದರಲ್ಲಿ ಸ್ವಲ್ಪವಾದರೂ ವಾಪಸು ಬಂದಂತಾಯಿತು. ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. ಮಾರಾಟದಲ್ಲಿ ಅದು ಗೆದ್ದಿತೆನ್ನಲಾಗದು. ಲೆಕ್ಕದಲ್ಲಿ ಸೋಲಲಿಲ್ಲ.

ಲೆಕ್ಕದಲ್ಲಿ ಇವೆರಡನ್ನೂ ಮೀರಿಸುವ ವಾಹನ ಇದೇ ಬೀದಿಯ ಸನಿಹದಲ್ಲೇ, ಮೆಜೆಸ್ಟಿಕ್ ನಿಲ್ದಾಣದಿಂದ ದಿನವೂ ಹೊರಡುತ್ತದೆ. ಅರವತ್ತು ಜನ ತುಂಬಿದ ಸಿಟಿ ಬಸ್ಸಿನ ತೂಕ 15 ಟನ್ ಎಂದು ಹಿಡಿದರೆ, 30 ಕಿ.ಮೀ. ವೇಗಕ್ಕೆ ಏರಲು ಅದಕ್ಕೆ ಬೇಕಾದದ್ದು ಸುಮಾರು 5,20,000 ಜೌಲ್. ತಲೆಗೆ ಹಂಚಿದರೆ 9,000ಕ್ಕೂ ಕಡಿಮೆ. ಸಣ್ಣ ಕಾರಿನಲ್ಲಿ ಒಬ್ಬರೇ ಕುಳಿತು ಅದೇ ವೇಗಕ್ಕೆ ಏರಿದರೆ ಅವರ ಪಾಲು 25,000. ಬಸ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುದುರೆ ಕೊಟ್ಟರೂ ಅದು ಸಲೀಸಾಗಿ ಹೊರಡುತ್ತದೆ.

ಗಾಣದ ಯಜಮಾನರನ್ನು ಒಪ್ಪಿಸಲು ವಾಟ್ ಕುದುರೆಯನ್ನು ಸ್ವಲ್ಪ ದೊಡ್ಡದು ಮಾಡಿದ. ತೆರಿಗೆ ತಪ್ಪಿಸಲು ಬ್ರಿಟನ್ನಿನ ತಯಾರಕರು ಅದನ್ನು ಕುಗ್ಗಿಸಿದರು. ಇಂದಿನ ಜಾಹೀರಾತು ಅದನ್ನು ಮತ್ತೆ ಹಿಗ್ಗಿಸಿದೆ. ಮೂವರಲ್ಲಿ ಯಾರೂ ಅದನ್ನು ಬೀದಿಯ ಅಗಲಕ್ಕೆ ಹೊಂದಿಸಿ ನೋಡಲಿಲ್ಲ. ಆ ಕೆಲಸ ಕೊಳ್ಳುವವರದು. ಅದಕ್ಕೆ ಬೇಕಾದ ಉಪಕರಣ ಕೈಗಡಿಯಾರ ಮತ್ತು ಹತ್ತನೇ ತರಗತಿಯ ಪಠ್ಯಪುಸ್ತಕ. ಲೆಕ್ಕ ಮುಗಿದ ಮೇಲೂ 150 ಕುದುರೆಗಳೇ ಬೇಕೆನ್ನುವವರು ಧಾರಾಳವಾಗಿ ಕೊಳ್ಳಲಿ. ಕಾಟನ್‌ಪೇಟೆಗೆ ಬಂದಾಗ ಮಾತ್ರ 149 ಲಾಯದಲ್ಲೇ ಇರುತ್ತವೆ.